ಮಡಿವಾಳ ಹಕ್ಕಿಯೋ, ಕಾಡು ಮೊಲವೋ: ಮೊದಲು ಯಾವುದರ ಬೆನ್ನು ಹತ್ತಬೇಕು?

ಒಂದೇ ಒಂದು ಜೀವಿಯನ್ನು ಆರಿಸಿಕೊಂಡು ವರ್ಷವಿಡೀ ಬಿಡದೆ ನೋಡಬೇಕು ಅನ್ನೋ ಆಸೆ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಲಿ, ಆನೆ ಈಗ ಬೇಡ. ಅವನ್ನು ನೋಡಲು ಜೀಪು ಬೇಕು, ರಜೆ ಬೇಕು, ಜೊತೆಗೆ ಅದೃಷ್ಟವೂ ಬೇಕು. ನಡೆದು ಹೋಗುವಷ್ಟು ದೂರದಲ್ಲೇ, ದುಡ್ಡು ಖರ್ಚಿಲ್ಲದೆ ಸಿಗುವ ಜೀವಿ ಬೇಕು ಅಂತ ಕೇಳಿದರೆ ನನಗೆ ತಕ್ಷಣ ಎರಡು ನೆನಪಾಗುತ್ತವೆ. ಒಂದು ಮಡಿವಾಳ ಹಕ್ಕಿ. ಇನ್ನೊಂದು ನಮ್ಮ ಹೊಲದ ಬದುಗಳಲ್ಲಿ, ಕುರುಚಲು ಕಾಡಿನಲ್ಲಿ ಇರುವ ಕಾಡು ಮೊಲ.

ಹಕ್ಕಿಗೂ ಮೊಲಕ್ಕೂ ಎಲ್ಲಿಯ ಹೋಲಿಕೆ ಅಂತ ಅನ್ನಿಸಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮಡಿವಾಳನ ಗಂಡು ಬದುಕುವುದೇ ಎಲ್ಲರ ಕಣ್ಣಿಗೆ, ಕಿವಿಗೆ ಬೀಳುವುದರಿಂದ. ಮೊಲ ಬದುಕುವುದು ಯಾರ ಕಣ್ಣಿಗೂ ಬೀಳದೆ ಇರುವುದರಿಂದ. ಬಣ್ಣ, ದನಿ, ಮರಿ ಸಾಕುವ ರೀತಿ, ನಾವು ಅವನ್ನು ನೋಡಬೇಕಾದ ರೀತಿ ಎಲ್ಲವೂ ಇದರಿಂದಲೇ ಬೇರೆಯಾಗುತ್ತವೆ. ಹಾಗಾಗಿ ಯಾವುದು ಚಂದ ಅಂತ ನೋಡಿ ಆರಿಸಬೇಡಿ. ನಿಮಗೆ ಯಾವ ಹೊತ್ತು ಬಿಡುವಿದೆ, ಸುತ್ತಮುತ್ತ ಎಂಥಾ ಜಾಗ ಇದೆ, ಏನೂ ಕಾಣದೆ ಎಷ್ಟು ದಿನ ಸುಮ್ನೆ ನಡೆಯಬಲ್ಲಿರಿ, ಇದನ್ನು ನೋಡಿ ಆರಿಸಿ.

ಮೊದಲು ಹೆಸರಿನ ಗೊಂದಲ

ಮೊಲ ಅಂದ ಕೂಡಲೇ ಎಷ್ಟೋ ಜನರಿಗೆ ಪಂಜರದಲ್ಲಿ ಸಾಕುವ ಬಿಳಿ ಮೊಲ ಕಣ್ಣ ಮುಂದೆ ಬರುತ್ತದೆ. ಅದು ಯುರೋಪಿನ ಮೊಲದಿಂದ ಬಂದ ಸಾಕುತಳಿ. ನಮ್ಮ ಕಾಡು ಮೊಲ ಬೇರೆಯೇ ಪ್ರಾಣಿ. ಇಂಗ್ಲಿಷಿನವರು ಅದನ್ನು ರ‍್ಯಾಬಿಟ್ ಅಂತಾರೆ, ಇದನ್ನು ಹೇರ್ ಅಂತಾರೆ. ಕನ್ನಡದಲ್ಲಿ ಎರಡಕ್ಕೂ ಮೊಲ ಅನ್ನುವುದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ. ಯುರೋಪಿನ ಮೊಲ ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುತ್ತದೆ. ನಮ್ಮ ಕಾಡು ಮೊಲ ಬಿಲ ತೋಡುವುದಿಲ್ಲ, ಹೆಚ್ಚಾಗಿ ಒಂಟಿ. ಹುಲ್ಲಿನ ನಡುವೆ ಅಥವಾ ಪೊದೆಯ ಬುಡದಲ್ಲಿ ತನ್ನ ಮೈಯಷ್ಟೇ ಅಗಲದ ಒಂದು ತಗ್ಗು, ಅದೇ ಅದರ ಮನೆ. ಹಾಗಾಗಿ ಹೊಲದಲ್ಲಿ ಬಿಲ ಹುಡುಕುತ್ತಾ ಹೋದರೆ ಇಲಿ, ಹೆಗ್ಗಣ, ಹಾವು ಸಿಕ್ಕಾವು, ಮೊಲ ಸಿಗುವುದಿಲ್ಲ.

ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಲೆಪಸ್ ನೈಗ್ರಿಕಾಲಿಸ್. ಎರಡನೆಯ ಪದದ ಅರ್ಥ ಕಪ್ಪು ಕತ್ತು. ನಮ್ಮ ಕಡೆಯ ಮೊಲದ ಕಿವಿಗಳ ಹಿಂದೆ, ಕತ್ತಿನ ಮೇಲೆ ಒಂದು ಕಪ್ಪು ಪಟ್ಟೆ ಇರುತ್ತದೆ, ಬಾಲದ ಮೇಲ್ಭಾಗವೂ ಕಪ್ಪು. ಅದು ಎದ್ದು ಓಡುವಾಗ ಈ ಎರಡೇ ಗುರುತು ಕಣ್ಣಿಗೆ ಸಿಗುವುದು. ಉಳಿದ ಮೈ ಒಣಹುಲ್ಲಿನ ಕಂದು, ನಡುನಡುವೆ ಕಪ್ಪು ಕೂದಲು. ಇನ್ನೊಂದು ಮಾತು. ಮೊಲವನ್ನು ಇಲಿಯ ಜಾತಿಗೆ ಸೇರಿಸಬೇಡಿ. ಇಲಿ, ಅಳಿಲುಗಳಿಗೆ ಮೇಲಿನ ದವಡೆಯಲ್ಲಿ ಬಾಚಿ ಹಲ್ಲು ಒಂದೇ ಜೊತೆ. ಮೊಲಕ್ಕೆ ಆ ಜೊತೆಯ ಹಿಂದೆಯೇ ಅಡಗಿದ ಇನ್ನೊಂದು ಪುಟ್ಟ ಜೊತೆ ಇರುತ್ತದೆ.

ಮಡಿವಾಳ ಹೆಚ್ಚುಕಡಿಮೆ ಪಿಕಳಾರದಷ್ಟು ದೊಡ್ಡದು. ಬಾಲ ಸೇರಿ ಸುಮಾರು 19 ಸೆಂಟಿಮೀಟರ್. ಗಂಡಿನ ತಲೆ, ಎದೆ, ಬೆನ್ನು ಮಿರುಗುವ ಕಪ್ಪು. ಹೊಟ್ಟೆ ಬಿಳಿ, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ. ಕಪ್ಪು ಇರಬೇಕಾದ ಕಡೆ ಹೆಣ್ಣಿಗೆ ಬೂದು ಬಣ್ಣ. ಬಾಲವನ್ನು ಸದಾ ನೆಟ್ಟಗೆ ಎತ್ತಿ ಹಿಡಿದಿರುತ್ತದೆ. ಹೊಸಬರು ಇದನ್ನು ಎರಡು ಹಕ್ಕಿಗಳ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು ನೀರಿನ ಬಳಿ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕ, ಅದರಲ್ಲೂ ದೊಡ್ಡ ಜಾತಿಯದು. ಅದಕ್ಕೆ ಕಣ್ಣಿನ ಮೇಲೆ ಬಿಳಿ ಹುಬ್ಬು ಇರುತ್ತದೆ, ಮಡಿವಾಳನಿಗೆ ಇಲ್ಲ. ಇನ್ನೊಂದು ಇಂಡಿಯನ್ ರಾಬಿನ್. ಅದರ ಗಂಡಿಗೆ ಹೊಟ್ಟೆಯೂ ಕಪ್ಪು, ಬಾಲದ ಬುಡದ ಕೆಳಗೆ ಇಟ್ಟಿಗೆ ಕೆಂಪು. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ನೆರೆಯ ಬಾಂಗ್ಲಾದೇಶದವರು ಮಡಿವಾಳನನ್ನೇ ರಾಷ್ಟ್ರಪಕ್ಷಿ ಮಾಡಿಕೊಂಡಿದ್ದಾರೆ. ಅವರ ಬಾಯಲ್ಲಿ ಇದು ದೋಯೆಲ್.

ಮಡಿವಾಳನನ್ನು ಆರಿಸಿಕೊಂಡರೆ ನಿಮಗೆ ಸಿಗುವುದು

ಸಿಗುವುದು ಹಾಡು. ಅದಕ್ಕಾಗಿಯೇ ಇದನ್ನು ಆರಿಸಬೇಕು.

ಮಾರ್ಚ್‌ನಿಂದ ಜುಲೈವರೆಗೆ ಇದರ ಸಂಸಾರದ ಕಾಲ. ಆ ತಿಂಗಳುಗಳಲ್ಲಿ ಇನ್ನೂ ಬೆಳಕು ಹರಿಯುವ ಮೊದಲೇ ಗಂಡು ಹಾಡಲು ಶುರುಮಾಡುತ್ತದೆ. ಕರೆಂಟು ತಂತಿ, ನೀರಿನ ಟ್ಯಾಂಕು, ಒಣಗಿದ ಕೊಂಬೆಯ ತುದಿ, ಎತ್ತರದ ಯಾವುದಾದರೂ ಒಂದು ಜಾಗ ಅದಕ್ಕೆ ಬೇಕು. ಹಾಡುತ್ತಾ ಬಾಲ ಅಗಲಿಸುತ್ತದೆ. ಬೇರೆ ಹಕ್ಕಿಗಳ ಕೂಗನ್ನು ಕದ್ದು ತನ್ನ ಹಾಡಿನ ನಡುವೆ ಸೇರಿಸುತ್ತದೆ. ನೀವು ಗಿಳಿಯ ದನಿ ಅಂತ ತಲೆ ಎತ್ತಿ ನೋಡಿದರೆ ಅಲ್ಲಿ ಮಡಿವಾಳ ಕೂತಿರುತ್ತದೆ, ನನಗೆ ಹೀಗೆ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ನಮ್ಮ ದನಿ ಹುಟ್ಟುವುದು ಗಂಟಲಲ್ಲಿ. ಹಕ್ಕಿಯ ದನಿಪೆಟ್ಟಿಗೆ ಇರುವುದು ಇನ್ನೂ ಕೆಳಗೆ, ಉಸಿರುಕೊಳವೆ ಎರಡು ಕವಲಾಗಿ ಶ್ವಾಸಕೋಶದ ಕಡೆ ತಿರುಗುವ ಜಾಗದಲ್ಲಿ. ಹಾಡುಹಕ್ಕಿಗಳು ಎರಡೂ ಕವಲುಗಳಿಂದ ಬೇರೆ ಬೇರೆ ಸ್ವರ ಹೊರಡಿಸಬಲ್ಲವು. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಹೇಗೆ ಬಂತು ಅಂತ ಬೆರಗಾಗುತ್ತೇವಲ್ಲ, ಅದರ ಗುಟ್ಟು ಇಲ್ಲಿದೆ.

ಈ ಹಾಡು ಸುಮ್ನೆ ಖುಷಿಗೆ ಅಲ್ಲ. ಇದು ನನ್ನ ಜಾಗ, ಒಳಗೆ ಬರಬೇಡ ಅಂತ ಬೇರೆ ಗಂಡುಗಳಿಗೆ ಹೇಳುವ ಮಾತು, ಹೆಣ್ಣಿಗೆ ಕೊಡುವ ಕರೆಯೂ ಹೌದು. ಇದು ಗೊತ್ತಾದ ಮೇಲೆ ನೋಡುವ ಕೆಲಸಕ್ಕೆ ಒಂದು ದಾರಿ ಸಿಗುತ್ತದೆ. ಒಂದು ಹಾಳೆಯಲ್ಲಿ ನಿಮ್ಮ ಬೀದಿಯ ನಕ್ಷೆ ಬರೆಯಿರಿ. ಹಕ್ಕಿ ಎಲ್ಲೆಲ್ಲಿ ಕೂತು ಹಾಡುತ್ತದೋ ಅಲ್ಲೆಲ್ಲ ಒಂದು ಚುಕ್ಕೆ ಇಡಿ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಚುಕ್ಕೆಗಳೆಲ್ಲ ಸೇರಿ ಅದರ ಸೀಮೆಯನ್ನು ತೋರಿಸುತ್ತವೆ. ಎಲ್ಲಿಗೆ ಅದು ನಿಲ್ಲುತ್ತದೆ, ಎಲ್ಲಿಂದ ಪಕ್ಕದ ಗಂಡಿನ ಹಾಡು ಶುರುವಾಗುತ್ತದೆ ಅನ್ನುವುದು ತಿಳಿಯುತ್ತದೆ. ನೀವು ದಿನಾ ಓಡಾಡುವ ಬೀದಿಗೆ ಇನ್ನೊಬ್ಬ ಯಜಮಾನ ಇದ್ದಾನೆ ಅಂತ ಗೊತ್ತಾಗುವ ಆ ದಿನ ಬಹಳ ಚೆನ್ನಾಗಿರುತ್ತದೆ.

ಇದೇ ಕಾಲದಲ್ಲಿ ಕಾರಿನ ಕನ್ನಡಿಯ ಮೇಲೋ ಕಿಟಕಿ ಗಾಜಿನ ಮೇಲೋ ಎಗರಿ ಎಗರಿ ಕುಟ್ಟುವ ಮಡಿವಾಳನನ್ನು ನೋಡಬಹುದು. ಅದಕ್ಕೆ ಹುಚ್ಚು ಹಿಡಿದಿಲ್ಲ, ತನ್ನ ಬಿಂಬವನ್ನೇ ಒಳನುಗ್ಗಿದ ಶತ್ರು ಅಂದುಕೊಂಡಿದೆ. ದಯವಿಟ್ಟು ಅದರ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಕನ್ನಡಿಗೆ ಒಂದು ಬಟ್ಟೆ ಚೀಲ ತೊಡಿಸಿ, ಗಾಜಿಗೆ ಹೊರಗಡೆಯಿಂದ ಹಾಳೆ ಅಂಟಿಸಿ. ಗಂಟೆಗಟ್ಟಲೆ ಇಲ್ಲದ ಶತ್ರುವಿನ ಜೊತೆ ಹೋರಾಡಿ ಅದು ಸುಸ್ತಾಗುತ್ತದೆ, ಪಾಪ.

ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಮಳೆಗಾಲದ ನಡುವೆ ಹಾಡು ನಿಂತುಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಒರಟಾದ ಒಂದು ಸದ್ದು ಬಿಟ್ಟರೆ ಅದರ ಸುಳಿವೇ ಕಡಿಮೆ. ತುಂಬಾ ಜನ ಆಗ ನೋಡುವುದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಹಕ್ಕಿ ಎಲ್ಲೂ ಹೋಗಿರುವುದಿಲ್ಲ. ಅದು ವಲಸೆ ಹೋಗುವ ಜಾತಿಯಲ್ಲ, ಅದೇ ತೋಟದ ನೆರಳಲ್ಲಿ ನೆಲಕ್ಕಿಳಿದು ಹುಳ ಹೆಕ್ಕುತ್ತಿರುತ್ತದೆ. ಮುಸ್ಸಂಜೆ ಬೇರೆ ಹಕ್ಕಿಗಳೆಲ್ಲ ಮಲಗಲು ಹೊರಟ ಮೇಲೂ ಇದು ಸ್ವಲ್ಪ ಹೊತ್ತು ಓಡಾಡುತ್ತದೆ, ಆಗ ನೋಡಿ. ಎಲೆಗಳ ಮೇಲೆ ನಿಂತ ಮಳೆನೀರಿನಲ್ಲಿ ಮೈ ಒರೆಸಿಕೊಂಡು ಸ್ನಾನ ಮಾಡುವುದನ್ನು ಕೂಡ ಈ ಕಾಲದಲ್ಲೇ ನೋಡಬೇಕು.

ಮೊಲವನ್ನು ಆರಿಸಿಕೊಂಡರೆ

ಮೊಲವನ್ನು ಆರಿಸುವವರು ಒಂದು ಮಾತನ್ನು ಒಪ್ಪಿಕೊಂಡೇ ಹೊರಡಬೇಕು. ಹೆಚ್ಚಿನ ದಿನ ಮೊಲ ಕಾಣುವುದಿಲ್ಲ, ಅದು ಬಿಟ್ಟುಹೋದ ಗುರುತುಗಳು ಮಾತ್ರ ಕಾಣುತ್ತವೆ.

ಹಗಲಿಡೀ ಅದು ತನ್ನ ತಗ್ಗಿನಲ್ಲಿ ಕಿವಿ ಬೆನ್ನಿಗೆ ಅಂಟಿಸಿಕೊಂಡು ಮಲಗಿರುತ್ತದೆ. ಎರಡು ಹೆಜ್ಜೆ ದೂರದಲ್ಲಿ ನೀವು ಹಾದುಹೋದರೂ ಅಲುಗಾಡುವುದಿಲ್ಲ. ಇನ್ನೇನು ತುಳಿದೇಬಿಟ್ಟಿರಿ ಅನ್ನುವಾಗ ಪಟಾರನೆ ಎದ್ದು ಸೊಟ್ಟಸೊಟ್ಟಗೆ ತಿರುಗುತ್ತಾ ಓಡುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ನೋಡಬಲ್ಲದು. ಅಂದರೆ ನೀವು ಅದನ್ನು ನೋಡುವ ಎಷ್ಟೋ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ಆ ದೊಡ್ಡ ಕಿವಿ ಕೇಳುವುದಕ್ಕೆ ಮಾತ್ರ ಅಲ್ಲ. ತೆಳು ಚರ್ಮದ ಕೆಳಗೆ ರಕ್ತನಾಳಗಳ ಬಲೆ ಇದ್ದು, ಮೈಯ ಬಿಸಿಯನ್ನು ಗಾಳಿಗೆ ಬಿಡುವುದಕ್ಕೂ ಅದು ಬೇಕು.

ಹಾಗಾದರೆ ನೋಡುವುದು ಏನನ್ನು? ನೆಲವನ್ನು. ಒಣ ಧೂಳಿನ ಬಂಡಿದಾರಿಯಲ್ಲಿ ಬೆಳಿಗ್ಗೆ ಬೇಗ, ದನಕರು ಮತ್ತು ಬೈಕು ಓಡಾಡುವ ಮೊದಲು ಹೋಗಿ. ಮೊಲದ ಹೆಜ್ಜೆ ಒಮ್ಮೆ ಗುರುತು ಸಿಕ್ಕಿದರೆ ಮರೆಯುವುದಿಲ್ಲ. ಒಂದರ ಹಿಂದೆ ಒಂದಿರುವ ಎರಡು ಚಿಕ್ಕ ಗುರುತು, ಅದರ ಮುಂದೆ ಅಕ್ಕಪಕ್ಕ ಎರಡು ಉದ್ದನೆಯ ಗುರುತು. ಮುಂದೆ ಇರುವವು ಮುಂಗಾಲು ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲ, ಅವು ಹಿಂಗಾಲು. ನೆಗೆಯುವಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತವೆ. ಇದನ್ನು ತಿಳಿಯದೆ ಗುರುತನ್ನು ಹಿಂದುಮುಂದಾಗಿ ಓದಿ, ಮೊಲ ಬಂದ ದಾರಿಯನ್ನೇ ಹೋದ ದಾರಿ ಅಂದುಕೊಂಡು ಒಂದು ಬೆಳಿಗ್ಗೆಯೆಲ್ಲ ನಾನು ನಡೆದಿದ್ದೇನೆ.

ಎರಡನೆಯದು ಹಿಕ್ಕೆ. ಮೇಕೆ ಹಿಕ್ಕೆ ಉದ್ದಕ್ಕೆ, ನುಣ್ಣಗೆ ಇರುತ್ತದೆ. ಮೊಲದ್ದು ದುಂಡಗೆ, ಸ್ವಲ್ಪ ಅಮುಕಿದ ಗುಂಡಿನಂತೆ. ಒಣಗಿದ್ದನ್ನು ಕಡ್ಡಿಯಿಂದ ಒಡೆದರೆ ಒಳಗೆ ಹುಲ್ಲಿನ ನಾರು ಎಳೆ ಎಳೆಯಾಗಿ ಕಾಣುತ್ತದೆ. ಮೊಲ ತನ್ನ ಆಹಾರವನ್ನು ಎರಡು ಸಲ ತಿನ್ನುತ್ತದೆ ಅನ್ನುವುದೂ ನಿಜ. ಮೊದಲ ಸಲ ಹೊರಬರುವ ಮೆತ್ತಗಿನ ಹಿಕ್ಕೆಯನ್ನು ಮಲಗಿದಲ್ಲೇ ಬಾಯಿಂದ ತೆಗೆದುಕೊಂಡು ನುಂಗುತ್ತದೆ, ಅದರಲ್ಲಿ ಉಳಿದಿದ್ದ ಸತ್ವವೆಲ್ಲ ಆಗ ಮೈಗೆ ಹತ್ತುತ್ತದೆ. ದನ ಮೆಲುಕು ಹಾಕುವ ಹಾಗೆ ಇದು ಇದರ ದಾರಿ. ನಾವು ನೋಡುವ ಗಟ್ಟಿ ಗುಂಡು ಎರಡನೆಯ ಸಲದ್ದು.

ಮೂರನೆಯದು ಕಚ್ಚಿದ ಗಿಡ. ದನ ಹುಲ್ಲನ್ನು ಕಿತ್ತು ತಿನ್ನುತ್ತದೆ, ತುದಿ ಹರಿದು ಚಿಂದಿಯಾಗಿರುತ್ತದೆ. ಮೊಲ ಕಡಿದ ಕಡ್ಡಿ ಚಾಕುವಿನಿಂದ ಓರೆಯಾಗಿ ಕುಯ್ದಂತೆ ಇರುತ್ತದೆ. ಈ ಮೂರನ್ನೂ ಕಲಿತರೆ ಒಂದೇ ಒಂದು ಮೊಲವನ್ನು ನೋಡದೆಯೂ ಅದು ರಾತ್ರಿ ಎಲ್ಲಿಂದ ಬಂತು, ಎಲ್ಲಿ ನಿಂತು ತಿಂದಿತು, ಎಲ್ಲಿ ಬೆದರಿ ದೂರ ದೂರ ನೆಗೆಯಿತು ಅನ್ನುವುದನ್ನೆಲ್ಲ ಹೇಳಬಹುದು. ನನಗೆ ಹಕ್ಕಿಗಿಂತ ಈ ಓದು ಕಷ್ಟವಾಯಿತು, ಒಂದು ಕೈ ಜಾಸ್ತಿಯೇ ಇಷ್ಟವೂ ಆಯಿತು.

ಕಣ್ಣಾರೆ ನೋಡಬೇಕಿದ್ದರೆ ಬೇಸಿಗೆ ಒಳ್ಳೆಯದು. ಹುಲ್ಲು ಗಿಡ್ಡ ಇರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಹುಲ್ಲುಗಾವಲಿನ ಅಂಚಲ್ಲಿ ಕೂತು ಕಾಯಿರಿ. ಬಂಡೀಪುರ, ಕಬಿನಿ ಕಡೆ ಸಫಾರಿಗೆ ಹೋದವರು ಹುಲಿಯ ಗುಂಗಿನಲ್ಲಿ ದಾರಿ ಬದಿಯ ಮೊಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲು, ಹೆಸರಘಟ್ಟದ ಹುಲ್ಲುಗಾವಲು, ಇಂಥ ಬಯಲು ಜಾಗಗಳು ಮೊಲಕ್ಕೆ ಇಷ್ಟ. ಆದರೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ, ಕುರುಚಲು ಗಿಡ ಇರುವ ಬೀಳು ಭೂಮಿ ಸಾಕು. ಒಂದು ಎಚ್ಚರಿಕೆ: ರಾತ್ರಿ ಟಾರ್ಚ್ ಹಿಡಿದು ಹೊಲ ಸುತ್ತಬೇಡಿ. ಟಾರ್ಚ್ ಬೆಳಕಿಗೆ ಮೊಲದ ಕಣ್ಣು ಹೊಳೆಯುತ್ತದೆ, ಅದು ದಿಕ್ಕು ತೋಚದೆ ನಿಂತುಬಿಡುತ್ತದೆ. ಕಳ್ಳಬೇಟೆಗಾರರು ಮಾಡುವುದೇ ಇದನ್ನು. ನಿಮ್ಮನ್ನೂ ಹಾಗೆಯೇ ಅಂದುಕೊಳ್ಳುತ್ತಾರೆ. ಹೊಲ ಯಾರದ್ದೋ ಅವರನ್ನು ಕೇಳಿ, ಹೇಳಿ ಹೋಗಿ. ಆ ಹೊಲದವರಿಗೆ ಗೊತ್ತಿರುವಷ್ಟು ಮೊಲದ ವಿಷಯ ಯಾವ ಆಪ್‌ನಲ್ಲೂ ಇಲ್ಲ, ಮಾತಾಡಿಸಿ ನೋಡಿ. ಶೇಂಗಾ, ಹೆಸರು ಮೊಳಕೆಯಲ್ಲೇ ಮೊಲದ ಬಾಯಿಗೆ ಹೋಗಿದ್ದರೆ ಅವರು ಬೈಯಲೂಬಹುದು. ಅದನ್ನೂ ಕೇಳಿಸಿಕೊಳ್ಳಬೇಕು, ನಷ್ಟ ಅವರದ್ದು.

ಮರಿಗಳ ವಿಷಯ: ಎಲ್ಲಕ್ಕಿಂತ ಮುಖ್ಯ

ಯಾವುದನ್ನು ಆರಿಸಿದರೂ ಒಂದಲ್ಲ ಒಂದು ದಿನ ಮರಿ ಎದುರಾಗುತ್ತದೆ. ಆ ದಿನ ಏನು ಮಾಡಬೇಕು ಅನ್ನುವುದು ಎರಡಕ್ಕೂ ಬೇರೆ ಬೇರೆ. ಗೊತ್ತಿಲ್ಲದೆ ಒಳ್ಳೆಯ ಮನಸ್ಸಿನಿಂದಲೇ ಮರಿಯನ್ನು ಕೊಂದುಬಿಡುತ್ತೇವೆ.

ಮಡಿವಾಳ ಮರದ ಪೊಟರೆಯಲ್ಲಿ, ಗೋಡೆಯ ಸಂದಿನಲ್ಲಿ ಗೂಡು ಮಾಡುತ್ತದೆ. ನಾಲ್ಕೈದು ಮೊಟ್ಟೆ, ತಿಳಿ ಹಸಿರು ನೀಲಿಯ ಮೇಲೆ ಕಂದು ಚುಕ್ಕೆ. ಕಾವು ಕೂರುವುದು ಹೆಣ್ಣು. ಗಂಡು ಹೊರಗೆ ಕಾವಲು. ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಗರಿ ಇರುವುದಿಲ್ಲ, ಪೂರ್ತಿ ಗೂಡಿನ ಮೇಲೆಯೇ ಅವಲಂಬನೆ.

ಮೊಲದ ಮರಿ ಇದಕ್ಕೆ ತದ್ವಿರುದ್ಧ. ಸುಮಾರು ಒಂದೂವರೆ ತಿಂಗಳು ಹೊಟ್ಟೆಯಲ್ಲಿದ್ದು, ಮೈತುಂಬಾ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ಮರಿ. ಗೂಡೇ ಇಲ್ಲದ ಪ್ರಾಣಿಗೆ ಬೇರೆ ದಾರಿ ಇಲ್ಲವಲ್ಲ. ತಾಯಿ ಮರಿಯ ಪಕ್ಕದಲ್ಲಿ ಕೂರುವುದಿಲ್ಲ. ಕೂತರೆ ಅದರ ವಾಸನೆ ಹಿಡಿದು ನರಿ, ಕಾಡುಬೆಕ್ಕು, ಮುಂಗುಸಿ ಬರುತ್ತವೆ. ದೂರದಲ್ಲಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಮರಿ ಉಳಿದ ಹೊತ್ತೆಲ್ಲ ಅಲುಗಾಡದೆ ಕೂತಿರುತ್ತದೆ.

ಇಲ್ಲೇ ತಪ್ಪಾಗುವುದು. ಹೊಲದಲ್ಲಿ ಒಂಟಿ ಮೊಲದ ಮರಿ ಕಂಡರೆ ತಾಯಿ ಬಿಟ್ಟುಹೋಗಿದೆ ಅಂತ ಜನ ಎತ್ತಿಕೊಂಡು ಬರುತ್ತಾರೆ. ನನ್ನ ಪರಿಚಯದ ಒಬ್ಬರು ಹಾಗೇ ತಂದರು. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಹಸುವಿನ ಹಾಲನ್ನು ಹನಿ ಹನಿಯಾಗಿ ಕುಡಿಸಿದರು. ಅಷ್ಟು ಪ್ರೀತಿಯಿಂದ ನೋಡಿಕೊಂಡರೂ ಮೂರನೆಯ ದಿನ ಮರಿ ಸತ್ತಿತು. ಆಗ ನನಗೂ ಏನೂ ಗೊತ್ತಿರಲಿಲ್ಲ, ಆ ಪೆಟ್ಟಿಗೆಯನ್ನು ಹಿಡಿದುಕೊಂಡವನು ನಾನೇ. ಆ ಮರಿಗೆ ತಾಯಿ ಇತ್ತು, ಅವತ್ತು ರಾತ್ರಿ ಅದೇ ಜಾಗಕ್ಕೆ ಬಂದು ಹುಡುಕಿರುತ್ತದೆ ಅನ್ನುವುದು ಈಗಲೂ ಮನಸ್ಸಿನಿಂದ ಹೋಗಿಲ್ಲ. ಮೊಲದ ಮರಿ ಕಂಡರೆ ಮುಟ್ಟಬೇಡಿ. ಜೊತೆಗೆ ನಾಯಿ ಇದ್ದರೆ ಅದನ್ನೂ ಕರೆದುಕೊಂಡು ದೂರ ಹೋಗಿ. ಗಾಯವಾಗಿ ರಕ್ತ ಬರುತ್ತಿದ್ದರೆ, ಅಥವಾ ಪಕ್ಕದಲ್ಲೇ ತಾಯಿ ಸತ್ತು ಬಿದ್ದಿದ್ದರೆ ಮಾತ್ರ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಕರಿಗೋ ತಿಳಿಸಿ.

ಹಕ್ಕಿ ಮರಿ ನೆಲದ ಮೇಲೆ ಸಿಕ್ಕರೆ ಮೊದಲು ಅದರ ಮೈ ನೋಡಿ. ಗರಿ ಬಂದಿದೆ, ಕುಪ್ಪಳಿಸುತ್ತಿದೆ ಅಂದರೆ ಅದು ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದಲ್ಲೇ ಕೂಗುತ್ತಿರುತ್ತವೆ. ಬೆಕ್ಕಿನ ಭಯ ಇದ್ದರೆ ಪಕ್ಕದ ಪೊದೆಯ ಕೊಂಬೆಗೆ ಏರಿಸಿ ಬನ್ನಿ, ಸಾಕು. ಗರಿಯೇ ಇಲ್ಲದ ಮರಿಯಾದರೆ ಅದು ಗೂಡಿನಿಂದ ಬಿದ್ದಿದೆ, ಗೂಡು ಕೈಗೆಟುಕಿದರೆ ವಾಪಸ್ ಇಡಿ. ಮನುಷ್ಯನ ವಾಸನೆ ಹತ್ತಿದರೆ ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ಹಕ್ಕಿಗಳ ಮಟ್ಟಿಗೆ ನಿಜವಲ್ಲ. ಗೂಡು ಕಂಡಿತು ಅಂತ ದಿನಾ ಹೋಗಿ ಇಣುಕುವುದೂ ಬೇಡ. ನೀವು ಹೋಗಿ ಬಂದ ಜಾಗವನ್ನು ಕಾಗೆ, ಕೆಂಬೂತ ಗಮನಿಸುತ್ತಿರುತ್ತವೆ.

ಹಾಗಾದರೆ ಯಾರಿಗೆ ಯಾವುದು?

ಪೇಟೆಯಲ್ಲಿದ್ದೀರಾ, ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಬಿಡುವು, ಒಂದೆರಡು ಮರ, ಒಂದು ಕೈತೋಟ ಕಣ್ಣಿಗೆ ಬೀಳುತ್ತದೆ ಅಂದರೆ ಎರಡನೆಯ ಯೋಚನೆ ಬೇಡ, ಮಡಿವಾಳ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೂ ಇದೇ. ಮಕ್ಕಳಿಗೆ ಮೊದಲ ವಾರದಲ್ಲೇ ಏನಾದರೂ ಕಾಣಬೇಕು, ಕೇಳಬೇಕು. ಕಣ್ಣು ಮಂಜಾದ ಹಿರಿಯರಿಗೂ ಇದು ಒಳ್ಳೆಯ ಜೊತೆ, ಕುರ್ಚಿಯಲ್ಲಿ ಕೂತು ಕಿವಿಯಿಂದಲೇ ಪೂರ್ತಿ ಹಿಂಬಾಲಿಸಬಹುದು. ಬೈನಾಕ್ಯುಲರ್ ಇಲ್ಲದೆಯೂ ನಡೆಯುತ್ತದೆ. ಕೊಳ್ಳುವುದೇ ಆದರೆ 8x42 ಅಂತ ಬರೆದಿರುವುದನ್ನು ನೋಡಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವುದರಿಂದ ನಸುಕಿನಲ್ಲೂ ಚಿತ್ರ ಬೆಳಕಾಗಿರುತ್ತದೆ.

ಹಳ್ಳಿಯ ಅಂಚಿನಲ್ಲಿದ್ದೀರಾ, ಹೊಲಗದ್ದೆ, ಬೀಳು ನೆಲ ಕಾಲಳತೆಯಲ್ಲಿದೆಯಾ, ಒಬ್ಬರೇ ನಡೆಯುವುದು ಇಷ್ಟವಾ, ಹತ್ತು ದಿನ ಏನೂ ಸಿಗದಿದ್ದರೂ ಹನ್ನೊಂದನೆಯ ದಿನ ಎದ್ದು ಹೋಗುತ್ತೀರಾ? ಹಾಗಿದ್ದರೆ ಮೊಲ. ಹಕ್ಕಿ ನೋಡುವವರು ತುಂಬಾ ಜನ ಇದ್ದಾರೆ. ಮೊಲದ ಜಾಡು ಓದುವವರು ಬೆರಳೆಣಿಕೆಯಷ್ಟು. ಬೀಳು ನೆಲ ಅಂದರೆ ಉಪಯೋಗಕ್ಕೆ ಬಾರದ ನೆಲ ಅಂತ ಎಲ್ಲೆಡೆ ಸೈಟು ಮಾಡುತ್ತಿರುವ ಈ ಹೊತ್ತಿನಲ್ಲಿ, ಅಲ್ಲಿ ಏನಿತ್ತು ಅಂತ ದಿನಾಂಕ ಹಾಕಿ ಬರೆದಿಡುವ ಒಬ್ಬರಾದರೂ ಬೇಕು.

ಎರಡನ್ನೂ ಸಾಕುವ ಆಸೆ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡನ್ನೂ ಕಾಯುತ್ತದೆ. ಹಿಡಿಯುವುದು, ಪಂಜರದಲ್ಲಿಡುವುದು, ಬೇಟೆ, ಎಲ್ಲವೂ ಅಪರಾಧ. ಜಗತ್ತಿನ ಲೆಕ್ಕದಲ್ಲಿ ಎರಡೂ ಅಳಿವಿನ ಅಂಚಿನಲ್ಲಿಲ್ಲ, ನಿಜ. ಆದರೆ ಆಗ್ನೇಯ ಏಷ್ಯಾದ ಕೆಲವು ಕಡೆ ಇದೇ ಮಡಿವಾಳನನ್ನು ಹಾಡಿನ ಆಸೆಗೆ ಹಿಡಿದು ಹಿಡಿದು ಮಾರಿ, ಕಾಡಿನಲ್ಲಿ ಅದರ ದನಿ ಅಪರೂಪವಾಗಿದೆ. ಮೊಲಕ್ಕೆ ನಮ್ಮಲ್ಲಿ ಉರುಳು ಇದೆ, ಬೀದಿನಾಯಿ ಇದೆ, ರಾತ್ರಿಯ ರಸ್ತೆ ಇದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿಗಳ ಓಡಾಟ ನಿಲ್ಲಿಸಿರುವುದರಿಂದ ಆನೆ, ಹುಲಿಯಷ್ಟೇ ಮೊಲವೂ ಬದುಕಿಕೊಳ್ಳುತ್ತದೆ. ಜಾಡು ಹುಡುಕುವಾಗ ಬೇಲಿ ಸಂದಿಯಲ್ಲಿ ತಂತಿ ಉರುಳು ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಕಳಿಸಿ.

ಹಳ್ಳಿಯ ಅಂಚಿನವರಿಗೆ ಎರಡನ್ನೂ ನೋಡುವ ಅವಕಾಶ ಇರುತ್ತದೆ. ಆಗ ಕ್ರಮ ಹೀಗಿರಲಿ. ಏಪ್ರಿಲ್ ತಿಂಗಳಲ್ಲಿ, ಇನ್ನೂ ಮಬ್ಬುಗತ್ತಲು ಇರುವಾಗ ಮನೆ ಬಿಡಿ. ಹೊರಡುವಾಗಲೇ ಮಡಿವಾಳ ಹಾಡುತ್ತಿರುತ್ತದೆ, ನಿಲ್ಲಬೇಡಿ, ಯಾವ ಮರ ಅಂತಷ್ಟೇ ನೆನಪಿಟ್ಟುಕೊಳ್ಳಿ. ನೇರ ಬಂಡಿದಾರಿಗೆ ಹೋಗಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಧೂಳಿನಲ್ಲಿ ಹೆಜ್ಜೆಯ ಅಂಚುಗಳು ನೆರಳಾಗಿ ಎದ್ದು ಕಾಣುತ್ತವೆ, ಬಿಸಿಲು ನೆತ್ತಿಗೆ ಬಂದ ಮೇಲೆ ಅದೇ ಗುರುತು ಕಾಣುವುದಿಲ್ಲ. ಮೊಲದ ಕೆಲಸ ಮುಗಿಸಿ ವಾಪಸ್ ಬರುವಾಗ ಆ ಮರದ ಕೆಳಗೆ ನಿಲ್ಲಿ. ಅದು ಇನ್ನೂ ಹಾಡುತ್ತಿರುತ್ತದೆ.